ಫ್ರೀ ಅಂದ್ರೆ ಯಾವ ಫ್ರೀ?

ಮಳೆಗಾಲದಲ್ಲಿ ಊರಿಗೆ ಹೋಗಿದ್ದಾಗ ಗೋಣಿಬೀಡಿನಲ್ಲಿ ಮೂಡಿಗೆರೆ ಬಸ್ಸಿಗೆ ಮುಕ್ಕಾಲು ಗಂಟೆ ಕಾಯಬೇಕಾಯ್ತು. ಮಳೆ ಬಿಡೋ ಲಕ್ಷಣ ಇರಲಿಲ್ಲ. ಹೋಟೆಲಿನ ಬೆಂಚಿನ ಮೇಲೆ ಕೂತು ಒಂದು ಕಾಫಿ ಹೇಳಿ ಸುಮ್ಮನೆ ಜನರ ಮಾತು ಕೇಳ್ತಾ ಇದ್ದೆ. ಆ ಮುಕ್ಕಾಲು ಗಂಟೆಯಲ್ಲಿ ಒಂದೇ ಒಂದು ಪದ ಎಷ್ಟು ಸಲ ಕಿವಿಗೆ ಬಿತ್ತು ಅಂದ್ರೆ, ಕೊನೆಗೆ ಎಣಿಸೋಕೆ ಶುರು ಮಾಡಿದೆ. ಆ ಪದ "ಫ್ರೀ".

ಪಕ್ಕದಲ್ಲಿದ್ದ ಹುಡುಗ ಫೋನಿನಲ್ಲಿ "ಸಂಜೆ ಫ್ರೀ ಇದ್ದೀಯೇನೋ?" ಅಂತಿದ್ದ. ಇಬ್ಬರು ಹೆಂಗಸರು, "ಇದು ಪ್ರೈವೇಟು ಕಣೆ, ಫ್ರೀ ಬಸ್ಸು ಇನ್ನೂ ಬಂದಿಲ್ಲ" ಅಂತ ಮಾತಾಡ್ಕೋತಿದ್ರು. ಎದುರಿನ ಗೊಬ್ಬರದಂಗಡಿಯವರು ಯಾರಿಗೋ "ಐದು ತಗೊಂಡ್ರೆ ಒಂದು ಫ್ರೀ" ಅಂದ್ರು. ರಿಪೇರಿ ಅಂಗಡಿಯ ಹುಡುಗ ಕಳೆ ಕೊಚ್ಚೋ ಮೆಷೀನಿಗೆ ಎಣ್ಣೆ ಬಿಟ್ಟು, ತಿರುಗಿಸಿ ನೋಡಿ, "ಈಗ ಫ್ರೀ ಆಯ್ತು ಸಾರ್" ಅಂದ. ಡಾಕ್ಟರ ಹತ್ತಿರ ಹೋಗಿ ಬಂದ ಅಜ್ಜ ಒಬ್ಬರು, "ಮೋಷನ್ ಫ್ರೀ ಆಗ್ತಿದೆಯಾ ಅಂತ ಕೇಳಿದ್ರು" ಅಂತ ಇಡೀ ಹೋಟೆಲಿಗೆ ಕೇಳೋ ಹಾಗೆ ವರದಿ ಒಪ್ಪಿಸಿದ್ರು. ಇನ್ನೊಬ್ಬರಿಗೆ ಶುಗರ್ ಫ್ರೀ ಕಾಫಿ ಬೇಕಾಗಿತ್ತು.

ಇಷ್ಟೇ ಆಗಿದ್ರೆ ನಕ್ಕು ಮರೆತುಬಿಡ್ತಿದ್ದೆ. ಆದ್ರೆ ಮೂಲೆಯಲ್ಲಿ ಕೂತಿದ್ದ ವಯಸ್ಸಾದ ಬೆಳೆಗಾರರೊಬ್ಬರು ಜೊತೆಯವರಿಗೆ ಹೇಳಿದ ಮಾತು ಕಿವಿಯಲ್ಲಿ ಉಳೀತು. "ಆ ಮನೆ ಫ್ರೀ ಸೇಲ್ ಬಂದಾಗ ಕಟ್ಟಿಸಿದ್ದು ಗೌಡ್ರೇ. ಫ್ರೀ ಸೇಲಲ್ಲೇ ಅಡ ಇಟ್ಟಿದ್ದೂ ಆಯ್ತು."

ನಮ್ಮ ಕಾಫಿ ಸೀಮೆಯ ಐವತ್ತು ವರ್ಷದ ಇತಿಹಾಸ ಈ ಎರಡು ವಾಕ್ಯದಲ್ಲಿದೆ ಅನ್ನಿಸ್ತು. ಅದನ್ನೇ ಬಿಡಿಸಿ ಬರೀತಿದ್ದೀನಿ.

ಮೊದಲು ಪದದ ವಿಚಾರ. ಇಂಗ್ಲಿಷಿನವರಿಗೆ ಒಂದೇ ಫ್ರೀ. ನಮಗೆ ಹಾಗಲ್ಲ. ದುಡ್ಡು ಕೊಡದೆ ಸಿಕ್ಕಿದ್ದು ಉಚಿತ, ಪುಕ್ಕಟೆ, ಬಿಟ್ಟಿ, ಧರ್ಮಕ್ಕೆ. ಕೆಲಸ ಇಲ್ಲದ ಹೊತ್ತು ಬಿಡುವು. ಕಟ್ಟು ಬಿಚ್ಚಿದ್ರೆ ಬಿಡುಗಡೆ. ಯಾರ ಹಂಗೂ ಇಲ್ಲದವನು ಸ್ವತಂತ್ರ. ನಟ್ಟು ಬೋಲ್ಟಿಗೆ ಸಡಿಲ, ಸಲೀಸು. ಸಕ್ಕರೆ ಫ್ರೀ ಅಂದ್ರೆ ಸಕ್ಕರೆ "ಇಲ್ಲದ್ದು". ಇಷ್ಟೂ ಪದಗಳ ಕೆಲಸವನ್ನ ಈಗ ಒಂದೇ ಪದದ ತಲೆ ಮೇಲೆ ಹೊರಿಸಿದ್ದೀವಿ. ಹೊರೆ ಜಾಸ್ತಿಯಾದಾಗ ಯಾವ ಅರ್ಥ ಯಾವಾಗ ಜಾರಿ ಬೀಳತ್ತೆ ಅಂತ ಗೊತ್ತಾಗೋದಿಲ್ಲ.

ಫ್ರೀ ಅನ್ನೋ ಪದ ನಮಗೆ ಪೂರ್ತಿ ಪರಕೀಯವೂ ಅಲ್ಲ. ಭಾಷಾಶಾಸ್ತ್ರಜ್ಞರ ಪ್ರಕಾರ ಇಂಗ್ಲಿಷಿನ ಫ್ರೀ, ಫ್ರೆಂಡ್, ಸಂಸ್ಕೃತದ ಪ್ರಿಯ ಮೂರೂ ಒಂದೇ ಬೇರಿನವು. ಹಳೇ ಜರ್ಮನ್ ಬುಡಕಟ್ಟುಗಳಲ್ಲಿ ಯಜಮಾನನ ಮನೆಯಲ್ಲಿ ಎರಡು ಥರದ ಜನ ಇರ್ತಿದ್ರು. ರಕ್ತಸಂಬಂಧದ ಪ್ರೀತಿಪಾತ್ರರು, ಮತ್ತು ಗುಲಾಮರು. ಪ್ರಿಯರಾದವರು ಗುಲಾಮರಲ್ಲ, ಆದ್ದರಿಂದ ಪ್ರಿಯ ಅನ್ನೋ ಪದವೇ ಸ್ವತಂತ್ರ ಅನ್ನೋ ಅರ್ಥಕ್ಕೆ ತಿರುಗಿತು. ದುಡ್ಡಿಲ್ಲದೆ ಸಿಗೋದು ಅನ್ನೋ ಅರ್ಥ ಬಂದಿದ್ದು ಅದೆಷ್ಟೋ ಶತಮಾನ ಕಳೆದ ಮೇಲೆ. ತಮಾಷೆ ಏನಂದ್ರೆ ತೆಲುಗಿನಲ್ಲಿ ಪ್ರಿಯ ಅಂದ್ರೆ ದುಬಾರಿ ಅನ್ನೋ ಅರ್ಥವೂ ಇದೆ. ಒಂದೇ ಬೇರಿನ ಎರಡು ಕೊಂಬೆ, ಒಂದರಲ್ಲಿ ಪುಕ್ಕಟೆ, ಇನ್ನೊಂದರಲ್ಲಿ ದುಬಾರಿ!

ನಮ್ಮ "ಬಿಟ್ಟಿ"ಯ ಕಥೆ ಇನ್ನೂ ವಿಚಿತ್ರ. ಬಿಟ್ಟಿ ಅಂದ್ರೆ ಪುಕ್ಕಟೆ ಅಂತ ಎಲ್ರಿಗೂ ಗೊತ್ತು. ಆದ್ರೆ ಅದು ಬಂದಿರೋದು ಸಂಸ್ಕೃತದ "ವಿಷ್ಟಿ"ಯಿಂದ. ವಿಷ್ಟಿ ಅಂದ್ರೆ ಕೂಲಿ ಕೊಡದೆ ಬಲವಂತವಾಗಿ ಮಾಡಿಸೋ ದುಡಿಮೆ. ಹಳೇ ಶಾಸನಗಳಲ್ಲಿ ಬಿಟ್ಟಿ ಅಂದ್ರೆ ಇದೇ. ರಾಜನೋ ಅಧಿಕಾರಿಯೋ ಊರಿಗೆ ಬಂದಾಗ ಹೊರೆ ಹೊರೋಕೆ, ದಾರಿ ಸವರೋಕೆ ಜನ ಹೋಗಬೇಕಾಗಿತ್ತು. ದಾನ ಕೊಟ್ಟ ಊರಾದ್ರೆ ಅಲ್ಲಿಗೆ ತೆರಿಗೆ ಮಾಫಿ, ಬಿಟ್ಟಿ ಮಾಫಿ. ಹೊಯ್ಸಳರ ಮೂಲಸ್ಥಾನ ಸೊಸೆವೂರು ಅಂತ ಹೇಳೋ ಅಂಗಡಿ ಇರೋದು ನಮ್ಮ ಮೂಡಿಗೆರೆ ತಾಲ್ಲೂಕಿನಲ್ಲೇ. ಆ ಕಾಲದ ಶಾಸನಗಳಲ್ಲಿ "ಸರ್ವಬಾಧಾ ಪರಿಹಾರ" ಅನ್ನೋ ಮಾತು ಬರತ್ತೆ. ಎಲ್ಲ ಬಾಧೆಯಿಂದಲೂ ಬಿಡುಗಡೆ ಅಂತ. ಅಂದ್ರೆ ಅವತ್ತಿನ ಲೆಕ್ಕದಲ್ಲಿ ಬಿಟ್ಟಿ ಇಲ್ಲದ ಊರೇ ಫ್ರೀ ಊರು. ಇವತ್ತು ಬಿಟ್ಟಿ ಅಂದ್ರೇ ಫ್ರೀ. ದುಡಿಸಿಕೊಂಡವನ ಕಡೆಯಿಂದ ನೋಡಿದ್ರೆ ಪುಕ್ಕಟೆ, ದುಡಿದವನ ಕಡೆಯಿಂದ ನೋಡಿದ್ರೆ ಜೀತ. ಪದ ಉಳಿದಿದ್ದು ದುಡಿಸಿಕೊಂಡವನ ಅರ್ಥದಲ್ಲಿ.

ಬಿಡುವು, ಬಿಡುಗಡೆ ಎರಡೂ "ಬಿಡು" ಅನ್ನೋ ಅಪ್ಪಟ ಕನ್ನಡ ಕ್ರಿಯಾಪದದಿಂದ ಬಂದವು. ನಮ್ಮೂರ ಹೆಸರಿನ "ಬೀಡು" ಕೂಡ ಅಲ್ಲಿಂದಲೇ. ಹೊರೆ ಇಳಿಸಿ, ಎತ್ತು ಬಿಚ್ಚಿ ಬಿಟ್ಟು ತಂಗೋ ಜಾಗ ಬೀಡು. ಗೋಣಿ ಅಂದ್ರೆ ಚೀಲವೋ ಮರವೋ ಅನ್ನೋ ಜಗಳ ಇನ್ನೊಂದು ದಿನಕ್ಕಿರ್ಲಿ. ಈ "ಬಿಡು" ಅನ್ನೋದನ್ನ ಮಾತ್ರ ನೆನಪಿಟ್ಟುಕೊಳ್ಳಿ. ಕೊನೆಗೆ ಮತ್ತೆ ಬೇಕಾಗತ್ತೆ.

ಈಗ ಕಾಫಿಗೆ ಬರೋಣ.

ಬಾಬಾಬುಡನ್ ಗಿರಿಯ ಏಳು ಬೀಜದ ಕಥೆ ಎಲ್ರಿಗೂ ಗೊತ್ತು. ಆ ಬೀಜದಿಂದ ಬೆಳೆದ ಕಾಫಿ ಯಾವತ್ತೂ ಫ್ರೀ ಆಗಿರಲಿಲ್ಲ ಅನ್ನೋದನ್ನ ಮಾತ್ರ ಯಾರೂ ಹೇಳೋದಿಲ್ಲ. 19ನೇ ಶತಮಾನದ ಶುರುವಿನಲ್ಲಿ ಮೈಸೂರು ಸರ್ಕಾರ ಬೆಳೆಯಲ್ಲಿ ಅರ್ಧ ಪಾಲು ತಗೋತಿತ್ತು. ಅದಕ್ಕೆ ವಾರ ಅಂತ ಹೆಸರು. ಆಮೇಲೆ ಪಾಲಿನ ಬದಲು ಮಣಕ್ಕೆ ಇಷ್ಟು ಅಂತ ಸುಂಕ ಹಾಕಿದ್ರು, ಅದಕ್ಕೆ ಹಾಲತ್ ಅಂತಿದ್ರು. ಸುಂಕ ಇಳಿದ ಹಾಗೆ ಕಾಡು ಕಡಿದು ತೋಟ ಮಾಡೋರು ಹೆಚ್ಚಿದ್ರು. ಬಿಳಿ ದೊರೆಗಳೂ ಬಂದ್ರು.

ತೋಟ ಆದ್ಮೇಲೆ ಆಳು ಬೇಕಲ್ಲ. ಘಟ್ಟದ ಕೆಳಗಿಂದ, ತಮಿಳು ಸೀಮೆಯಿಂದ ಮೇಸ್ತ್ರಿಗಳು ಜನ ಕರ್ಕೊಂಡು ಬರ್ತಿದ್ರು. ಬರೋ ಮೊದಲೇ ಕೈಗೆ ಮುಂಗಡ. ಮುಂಗಡ ತೀರೋವರೆಗೂ ದುಡಿಮೆ. ಮುಂಗಡ ತಗೊಂಡು ಕೆಲಸ ಬಿಟ್ಟು ಹೋದವನನ್ನ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸೋಕೆ ಬ್ರಿಟಿಷ್ ಇಂಡಿಯಾದಲ್ಲಿ 1859ರಲ್ಲೇ ಒಂದು ಕಾಯ್ದೆ ಮಾಡಿದ್ರು. ಮಾತು ತಪ್ಪಿದವನಿಗೆ ಮೂರು ತಿಂಗಳವರೆಗೂ ಜೈಲು. ಸಾಲ ತೀರಿಸದಿದ್ರೆ ಸಿವಿಲ್ ಕೋರ್ಟಿಗೆ ಹೋಗೋದು ಎಲ್ರಿಗೂ ಇದ್ದ ದಾರಿ. ಕೂಲಿಯವನಿಗೆ ಮಾತ್ರ ಜೈಲು. ಆ ಕಾಯ್ದೆ ತೆಗೆದುಹಾಕೋಕೆ 1925ರವರೆಗೆ ಕಾಯಬೇಕಾಯ್ತು. ಜೀತವನ್ನೇ ದೇಶದಾದ್ಯಂತ ರದ್ದು ಮಾಡಿದ್ದು ಇನ್ನೂ ಐವತ್ತು ವರ್ಷ ಆದ್ಮೇಲೆ, 1975ರ ಅಕ್ಟೋಬರಿನ ಸುಗ್ರೀವಾಜ್ಞೆ ಮತ್ತು 1976ರ ಕಾಯ್ದೆಯಿಂದ.

ಆಳು ಹೀಗೆ ಕಟ್ಟಿಗೆ ಬಿದ್ದಿದ್ದ. ತೋಟದ ಯಜಮಾನನ ಸರದಿ ಬಂದಿದ್ದು ಎರಡನೇ ಮಹಾಯುದ್ಧದಲ್ಲಿ.

1939ರಲ್ಲಿ ಯುದ್ಧ ಶುರುವಾಯ್ತು. ನಮ್ಮ ಕಾಫಿ ಕೊಳ್ತಿದ್ದ ಯುರೋಪಿನ ಬಾಗಿಲು ಮುಚ್ಚಿತು. ಹಡಗಿಲ್ಲ, ಗಿರಾಕಿ ಇಲ್ಲ, ಬೆಲೆ ಬಿತ್ತು. ಬೆಳೆಗಾರರನ್ನ ಉಳಿಸೋಕೆ ಅಂತ 1940ರಲ್ಲಿ ಒಂದು ಸುಗ್ರೀವಾಜ್ಞೆ, 1942ರಲ್ಲಿ ಕಾಫಿ ಕಾಯ್ದೆ ಬಂತು. ಬೆಂಗಳೂರಿನಲ್ಲಿ ಕಾಫಿ ಬೋರ್ಡು ಕೂತಿತು. ಮೊದಮೊದಲು ಒಂದಿಷ್ಟು ಪಾಲನ್ನ ಹೊರಗೆ ಮಾರಬಹುದಿತ್ತು, ಬೇಗನೇ ಅದೂ ನಿಂತು ಎಲ್ಲ ಕಾಫಿಯೂ "ಪೂಲ್"ಗೆ ಹೋಗೋ ವ್ಯವಸ್ಥೆ ಆಯ್ತು. ಯುದ್ಧ ಮುಗೀತು, ಸ್ವಾತಂತ್ರ್ಯ ಬಂತು, ಪೂಲ್ ಮಾತ್ರ ಹಾಗೇ ಉಳೀತು. ಅರ್ಧ ಶತಮಾನ!

ಈಗಿನ ಹುಡುಗರಿಗೆ ಪೂಲ್ ಅಂದ್ರೆ ಏನು ಅಂತ ಹೇಳೋದು ಕಷ್ಟ. ತೋಟ ನಿಮ್ಮದು, ಗಿಡ ನಿಮ್ಮದು, ಸಾಲ ನಿಮ್ಮದು. ಕುಯ್ದ ಕಾಫಿ ಮಾತ್ರ ನಿಮ್ಮದಲ್ಲ. ಮನೆ ಖರ್ಚಿಗೆ, ಬೀಜಕ್ಕೆ ಅಂತ ಸ್ವಲ್ಪ ಇಟ್ಟುಕೊಂಡು ಮಿಕ್ಕಿದ್ದೆಲ್ಲ ಪೂಲಿಗೆ ಕೊಡಬೇಕು. ಸಂತೆಯಲ್ಲಿ ಮೆಣಸು ಮಾರಬಹುದು, ಏಲಕ್ಕಿ ಮಾರಬಹುದು, ಕಾಫಿ ಮಾರಿದ್ರೆ ಅಪರಾಧ. ಕ್ಯೂರಿಂಗ್ ಆಗಿ ದರ್ಜೆ ನೋಡಿ ಪಾಯಿಂಟ್ ಹಾಕ್ತಿದ್ರು. ಬೋರ್ಡು ಹರಾಜಿನಲ್ಲಿ ಮಾರಿದ ಹಾಗೆ ಪಾಯಿಂಟಿಗೆ ಇಷ್ಟು ಅಂತ ದುಡ್ಡು ಕಂತು ಕಂತಾಗಿ ಬರ್ತಿತ್ತು. ಒಂದು ವರ್ಷದ ಫಸಲಿನ ಕೊನೇ ಕಂತು ಬರೋ ಹೊತ್ತಿಗೆ ಮುಂದಿನ ವರ್ಷದ ಕಾಫಿ ಹಣ್ಣಾಗಿರ್ತಿತ್ತು.

ಇದಕ್ಕೆ ಇನ್ನೊಂದು ಮುಖವೂ ಇತ್ತು, ಅದನ್ನೂ ಹೇಳಬೇಕು. ಎರಡೆಕರೆಯವನಿಗೂ ಇನ್ನೂರೆಕರೆಯವನಿಗೂ ಒಂದೇ ದರ್ಜೆಗೆ ಒಂದೇ ರೇಟು. ತೂಕದಲ್ಲಿ, ಬೆಲೆಯಲ್ಲಿ ದಲ್ಲಾಳಿ ಮೋಸ ಮಾಡೋ ಪ್ರಶ್ನೆ ಇರಲಿಲ್ಲ. ಕಡಿಮೆ ಬರಲಿ, ತಡವಾಗಿ ಬರಲಿ, ಬರೋದಂತೂ ಬರ್ತಿತ್ತು. ಹೊರಗಿನ ಪ್ರಪಂಚದಲ್ಲಿ 1962ರಿಂದ ಅಂತರರಾಷ್ಟ್ರೀಯ ಕಾಫಿ ಒಪ್ಪಂದ ಇತ್ತು, ಯಾವ ದೇಶ ಎಷ್ಟು ರಫ್ತು ಮಾಡಬೇಕು ಅಂತ ಕೋಟಾ ಹಾಕಿ ಬೆಲೆ ತೀರಾ ಬೀಳದ ಹಾಗೆ ಹಿಡಿದಿಡೋ ವ್ಯವಸ್ಥೆ ಅದು. ಜೊತೆಗೆ ರೂಪಾಯಿಗೇ ಕಾಫಿ ಕೊಳ್ಳೋ ಸೋವಿಯತ್ ಒಕ್ಕೂಟ ಇತ್ತು.

ಪೂಲ್ ಕಾಲದ ಒಂದು ಕೋರ್ಟ್ ಕೇಸು ಬಹಳ ಸ್ವಾರಸ್ಯ. ಬೆಳೆಗಾರ ಪೂಲಿಗೆ ಕಾಫಿ ಕೊಡ್ತಾನಲ್ಲ, ಅದು ಮಾರಾಟವೋ ಅಥವಾ ಸರ್ಕಾರ ಕಡ್ಡಾಯವಾಗಿ ವಶ ಮಾಡಿಕೊಂಡಿದ್ದೋ? ಮಾರಾಟ ಆದ್ರೆ ರಾಜ್ಯ ಸರ್ಕಾರಕ್ಕೆ ಖರೀದಿ ತೆರಿಗೆ ಕಟ್ಟಬೇಕು. "ಇದು ಮಾರಾಟ ಅಲ್ಲ, ಇಲ್ಲಿ ಬೆಳೆಗಾರನಿಗೆ ಆಯ್ಕೆಯೇ ಇಲ್ಲ" ಅಂತ ಕಾಫಿ ಬೋರ್ಡೇ ವಾದ ಮಾಡಿತು. 1988ರಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಕಾಯ್ದೆ ಕಟ್ಟುಪಾಡು ಹಾಕಿದ ಮಾತ್ರಕ್ಕೆ ಒಪ್ಪಿಗೆ ಅನ್ನೋದು ಪೂರ್ತಿ ಇಲ್ಲವಾಗೋದಿಲ್ಲ, ಇದು ಮಾರಾಟವೇ ಅಂತ ತೀರ್ಪು ಕೊಟ್ಟಿತು. ಕಾನೂನಿನ ಕಣ್ಣಲ್ಲಿ ಬೆಳೆಗಾರ ಆಗಲೂ ಫ್ರೀ! ಕಣದಲ್ಲಿ ನಿಂತು ಕಾಫಿ ತುಂಬಿಸಿ ಕಳಿಸೋನಿಗೆ ಮಾತ್ರ ಅದು ಗೊತ್ತಿರಲಿಲ್ಲ.

ಮರುವರ್ಷವೇ ಎಲ್ಲ ಅಲ್ಲಾಡೋಕೆ ಶುರುವಾಯ್ತು. 1989ರ ಜುಲೈನಲ್ಲಿ ಅಂತರರಾಷ್ಟ್ರೀಯ ಒಪ್ಪಂದದ ಕೋಟಾ ಮುರಿದು ಬಿತ್ತು. 1991ರಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯ್ತು. ದೆಹಲಿಯಲ್ಲಿ ಉದಾರೀಕರಣದ ಗಾಳಿ. ಇಲ್ಲಿ ಬೆಳೆಗಾರರ ಸಭೆಗಳಲ್ಲಿ ಒಂದೇ ಬೇಡಿಕೆ, ನಮ್ಮ ಕಾಫಿ ನಾವು ಮಾರ್ತೀವಿ ಬಿಡಿ. 1992ರಲ್ಲಿ ಮೊದಲ ಕಂತಿನ ಬಿಡುಗಡೆ ಆಯ್ತು. ಬೆಳೆಯ ಶೇಕಡ 30ನ್ನ ದೇಶದೊಳಗೆ ಬೇಕಾದವರಿಗೆ ಮಾರಬಹುದು ಅಂತ. 1993ರಲ್ಲಿ ಅದು ಶೇಕಡ 50 ಆಗಿ, "ಫ್ರೀ ಸೇಲ್ ಕೋಟಾ" ಅನ್ನೋ ಹೆಸರು ಬಂತು. ಆಮೇಲೆ 10 ಹೆಕ್ಟೇರಿನೊಳಗಿನ ಸಣ್ಣ ಬೆಳೆಗಾರರಿಗೆ ಪೂರ್ತಿ. ಕೊನೆಗೆ 1996ರಲ್ಲಿ ದೊಡ್ಡವರಿಗೂ ಪೂರ್ತಿ. ಪೂಲ್ ಕಥೆ ಮುಗೀತು.

ಫ್ರೀ ಅನ್ನೋ ಪದ ನಮ್ಮ ಮನೆಗಳೊಳಗೆ ಬಂದಿದ್ದೇ ಹೀಗೆ ಅಂತ ನನ್ನ ನೆನಪು. ಅದಕ್ಕೂ ಮೊದಲು ಅಮ್ಮ ಬಿಟ್ಟಿ, ಪುಕ್ಕಟೆ ಅಂತಿದ್ರು, ಅಪ್ಪ ಪುರುಸೊತ್ತು ಅಂತಿದ್ರು. "ಈ ವರ್ಷ ಫ್ರೀ ಸೇಲು" ಅನ್ನೋ ಮಾತು ಅಪ್ಪನ ಬಾಯಲ್ಲಿ ಬಂದಾಗ ಅಜ್ಜಿ ಗಾಬರಿಯಾಗಿ, "ಕಾಫಿನ ಪುಕ್ಕಟೆ ಕೊಡ್ತೀಯೇನೋ?" ಅಂತ ಕೇಳಿದ್ರಂತೆ. ಮನೆಯವರೆಲ್ಲ ನಕ್ಕರು. ಅಜ್ಜಿ ಕೇಳಿದ್ದು ಅಷ್ಟೇನೂ ತಪ್ಪು ಪ್ರಶ್ನೆ ಅಲ್ಲ ಅಂತ ಗೊತ್ತಾಗಿದ್ದು ಕೆಲವು ವರ್ಷ ಕಳೆದ ಮೇಲೆ.

ಯಾಕಂದ್ರೆ ಶುರುವಿನಲ್ಲಿ ಸುಗ್ಗಿ. 1994ರ ಜೂನ್, ಜುಲೈನಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಕಾಫಿ ಗಿಡ ಸುಟ್ಟುಹೋದ್ವು. ಬೆಲೆ ಆಕಾಶಕ್ಕೆ ಹೋಯ್ತು. ಹೊಸದಾಗಿ ಫ್ರೀ ಆದ ನಮ್ಮವರ ಕೈಯಲ್ಲಿ ಮಾಲಿತ್ತು. ವ್ಯಾಪಾರಿಗಳು ಗೇಟಿನ ತನಕ ಬಂದು ನೋಟು ಎಣಿಸಿ ಕೊಟ್ಟು ಮೂಟೆ ಹೊತ್ತುಕೊಂಡು ಹೋದ್ರು. ಕಂತಿಲ್ಲ, ಪಾಯಿಂಟಿಲ್ಲ. ಹಂಚಿನ ಮನೆಗಳು ತಾರಸಿ ಆದ್ವು, ಜೀಪು ಬಂದ್ವು, ಮಕ್ಕಳು ಬೆಂಗಳೂರಿನ ಕಾಲೇಜು ಸೇರಿದ್ರು. ಎಲ್ರ ತಲೆಯಲ್ಲೂ ಫ್ರೀ ಅಂದ್ರೆ ಬೆಲೆ ಏರೋದು ಅಂತಲೇ ಕೂತುಬಿಡ್ತು. 1997ರಲ್ಲಿ ಮತ್ತೊಮ್ಮೆ ಏರಿದಾಗ ಅನುಮಾನವೇ ಉಳೀಲಿಲ್ಲ.

ಅದೇ ಹೊತ್ತಿಗೆ ಬೇರೆಯವರೂ ಫ್ರೀ ಆಗಿದ್ರು. ವಿಯೆಟ್ನಾಂ ರೊಬಸ್ಟಾ ಹಾಕ್ತಾ ಹೋಯ್ತು, ಬ್ರೆಜಿಲ್ ಹೊಸ ತೋಟ ಎಬ್ಬಿಸಿತು. ಹಿಡಿದಿಡೋಕೆ ಕೋಟಾ ಇಲ್ಲ. ಅಂತರರಾಷ್ಟ್ರೀಯ ಕಾಫಿ ಸಂಸ್ಥೆಯ ಲೆಕ್ಕದಲ್ಲಿ 1997ರಲ್ಲಿ ಪೌಂಡಿಗೆ 130 ಸೆಂಟ್ ದಾಟಿದ್ದ ಸರಾಸರಿ ಬೆಲೆ 2001ರಲ್ಲಿ ಸುಮಾರು 45 ಸೆಂಟಿಗೆ ಬಂದು ಕೂತಿತು. ಮೂರರಲ್ಲಿ ಒಂದು ಪಾಲು! ಕುಯ್ಯೋ ಕೂಲಿಯೂ ಹುಟ್ಟದೆ ಹಣ್ಣು ಗಿಡದಲ್ಲೇ ಬಿಟ್ಟವರನ್ನ ನಾನು ಕಂಡಿದ್ದೀನಿ. ಅಜ್ಜಿ ಕೇಳಿದ ಪುಕ್ಕಟೆ ನಿಜವಾಗೋಕೆ ಹೆಚ್ಚು ಬಾಕಿ ಇರಲಿಲ್ಲ. ಹೋಟೆಲಿನಲ್ಲಿ ಆ ಹಿರಿಯರು ಹೇಳಿದ ಅಡ ಇಟ್ಟ ಮನೆ ಈ ಕಾಲದ್ದು. ಬ್ಯಾಂಕಿನ ಸಾಲ, ಬಡ್ಡಿ, ಹರಾಜು ನೋಟೀಸು. ಸಣ್ಣ ಬೆಳೆಗಾರರಿಗೆ ಅಂತ ಕೇಂದ್ರ ಸರ್ಕಾರ ಸಾಲ ಪರಿಹಾರದ ಪ್ಯಾಕೇಜು ತಂದಿದ್ದು 2010ರಲ್ಲಿ, ಅಷ್ಟು ವರ್ಷ ಆದ್ಮೇಲೆ.

ಆ ದಿನಗಳಲ್ಲಿ ಅಪ್ಪನ್ನ ಒಂದು ಸಲ ಕೇಳಿದ್ದೆ, ಪೂಲೇ ಚೆನ್ನಾಗಿತ್ತು ಅನ್ಸತ್ತಾ ಅಂತ. ಅಪ್ಪ ತುಂಬಾ ಹೊತ್ತು ಸುಮ್ಮನಿದ್ರು. ಆಮೇಲೆ, "ಪೂಲಲ್ಲಿ ನನ್ ಕಾಫಿ ನಂದಲ್ಲ ಅನ್ನಿಸ್ತಿತ್ತು. ಈಗ ನಷ್ಟ ಆದ್ರೂ ನಂದು ಅನ್ಸತ್ತೆ. ಆದ್ರೆ ಇದೇ ಮಾತ್ನ ನಿಮ್ಮಮ್ಮನ ಹತ್ರ ಕೇಳ್ಬೇಡ" ಅಂದ್ರು. ಅಮ್ಮನ ಬಳೆ ಆಗ ಬ್ಯಾಂಕಿನಲ್ಲಿತ್ತು.

ಇಷ್ಟು ಹೇಳಿ ನಿಲ್ಲಿಸಿದ್ರೆ ಇದು ಬೆಳೆಗಾರರ ಗೋಳಿನ ಕಥೆ ಆಗಿಬಿಡತ್ತೆ. ತೋಟದಲ್ಲಿ ಇನ್ನೊಂದು ಫ್ರೀ ಇದೆ. ಲೈನ್ ಮನೆ.

1951ರ ಪ್ಲಾಂಟೇಷನ್ ಕಾರ್ಮಿಕ ಕಾಯ್ದೆ ದೊಡ್ಡ ತೋಟಗಳ ಮಾಲೀಕರಿಗೆ ಕೆಲಸಗಾರರಿಗೆ ಮನೆ, ಕುಡಿಯೋ ನೀರು, ಔಷಧಿ, ಮಕ್ಕಳಿಗೆ ತೊಟ್ಟಿಲು ಮನೆ ಕೊಡಬೇಕು ಅಂತ ಹೇಳಿತು. 2020ರಲ್ಲಿ ಸಂಸತ್ತು ಒಪ್ಪಿದ ಹೊಸ ಕಾರ್ಮಿಕ ಸಂಹಿತೆ ಅದನ್ನ ತನ್ನೊಳಗೆ ಸೇರಿಸಿಕೊಂಡಿತು. ಅದೇನೂ ಕಡಿಮೆ ಸಾಧನೆ ಅಲ್ಲ. ಹಾಗಾಗಿ ಮಾಲೀಕರು ಕೂಲಿ ಲೆಕ್ಕ ಹೇಳುವಾಗ "ಮನೆ ಫ್ರೀ, ಸೌದೆ ಫ್ರೀ, ನೀರು ಫ್ರೀ" ಅಂತ ಸೇರಿಸೋದು ವಾಡಿಕೆ. ನಾನೂ ಹೀಗೇ ಮಾತಾಡ್ತಿದ್ದೆ.

ಒಂದು ತೋಟದ ಲೈನಿನಲ್ಲಿ ಹುಟ್ಟಿ ಬೆಳೆದ ಅಕ್ಕ ಒಬ್ಬರು ಕುಯ್ಲಿನ ಹೊತ್ತಲ್ಲಿ ನಮ್ಮ ಮನೆಗೂ ಬರ್ತಿದ್ರು. ಅವರ ಅಪ್ಪ ಅಮ್ಮ ಘಟ್ಟದ ಕೆಳಗಿಂದ ಮೇಸ್ತ್ರಿ ಜೊತೆ ಬಂದವರು. ಒಂದು ದಿನ ಮಾತಿಗೆ ನಾನು, "ನಿಮಗೆ ಬಾಡಿಗೆ ಚಿಂತೆ ಇಲ್ಲ ಬಿಡಿ ಅಕ್ಕ, ಮನೆ ಫ್ರೀ" ಅಂದೆ. ಅವರು ಸಿಟ್ಟಾಗಲಿಲ್ಲ. ಹಣ್ಣು ಆರಿಸ್ತಾ, "ಹೌದಣ್ಣ, ಬಾಡಿಗೆ ಇಲ್ಲ. ಮಗಳನ್ನ ಕೇಳ್ಕೊಂಡು ಬಂದವರು ಮನೆ ನೋಡೋಕೆ ಬರ್ತೀವಿ ಅಂದ್ರು. ಯಾವ ಮನೆ ತೋರ್ಸ್ಲಿ ಹೇಳಿ? ಕೆಲಸ ನಿಂತ ದಿನ ಬೀಗ ಕೊಟ್ಟು ಹೋಗ್ಬೇಕಲ್ವಾ" ಅಂದ್ರು.

ನನಗೆ ಉತ್ತರ ಗೊತ್ತಾಗಲಿಲ್ಲ. ಮನೆ ಬಾಡಿಗೆಯಿಂದ ಫ್ರೀ. ಆದ್ರೆ ಕೆಲಸ ಬಿಡೋಕೆ ಅವರು ಫ್ರೀ ಅಲ್ಲ. ಬಿಟ್ಟಿ ಮನೆ ಅನ್ನುವಾಗ ಬಿಟ್ಟಿ ಪದದ ಹಳೇ ಅರ್ಥ ಎಲ್ಲೋ ಒಳಗಿಂದ ಇಣುಕತ್ತೆ ನೋಡಿ. 2001, 2002ರಲ್ಲಿ ಬೆಲೆ ಬಿದ್ದಾಗ ಬೆಳೆಗಾರರು ಮೊದಲು ಕಡಿಮೆ ಮಾಡಿದ್ದು ಆಳುಗಳನ್ನ. ಕಾಫಿ ಫ್ರೀ ಆಗಿ ಬೀಳೋಕೆ ಶುರುವಾದಾಗ ಪೆಟ್ಟು ತಿಂದ ಮೊದಲನೆಯವರು, ಆ ಫ್ರೀಯನ್ನ ಯಾವತ್ತೂ ಕೇಳಿರದವರು. ಸ್ವಂತ ನಿವೇಶನ ಬೇಕು ಅಂತ ಲೈನ್ ಮನೆಯವರು ತಾಲ್ಲೂಕು ಕಚೇರಿ ಮುಂದೆ ಕೂತಾಗ, ಫ್ರೀ ಮನೆ ಇದ್ದೂ ಯಾಕಪ್ಪ ಅಂತ ಕೇಳೋರು ಆ ಅಕ್ಕನ ಮಾತು ಕೇಳಿಸಿಕೊಂಡಿಲ್ಲ ಅಷ್ಟೇ.

ಫ್ರೀಗಳ ಮೆರವಣಿಗೆ ಅಲ್ಲಿಗೇ ನಿಲ್ಲಲಿಲ್ಲ. ಶ್ರೀಲಂಕಾ ಜೊತೆ ಭಾರತ 1998ರಲ್ಲಿ ಫ್ರೀ ಟ್ರೇಡ್ ಒಪ್ಪಂದಕ್ಕೆ ಸಹಿ ಹಾಕಿತು. ಕಾಫಿ ಕೈಕೊಟ್ಟಾಗ ಕೈ ಹಿಡಿದಿದ್ದು ನೆರಳಿನ ಮರಕ್ಕೆ ಹಬ್ಬಿಸಿದ ಕಾಳುಮೆಣಸು. ಆಮೇಲೆ ವಿಯೆಟ್ನಾಂ ಮೆಣಸು ಶ್ರೀಲಂಕಾದ ಹೆಸರಲ್ಲಿ ಸುಂಕದ ರಿಯಾಯಿತಿಯಲ್ಲಿ ಬರ್ತಿದೆ ಅಂತ ನಮ್ಮ ಬೆಳೆಗಾರರು ಬೀದಿಗಿಳಿದ್ರು. 2017ರ ಡಿಸೆಂಬರಿನಲ್ಲಿ ಸರ್ಕಾರ ಆಮದು ಮೆಣಸಿಗೆ ಕೆಜಿಗೆ ಕನಿಷ್ಠ 500 ರೂಪಾಯಿ ಬೆಲೆ ಗೊತ್ತು ಮಾಡಿತು. ಕಾಫಿಗೆ ಫ್ರೀ ಮಾರುಕಟ್ಟೆ ಬೇಕು ಅಂತ ಹೋರಾಡಿದ ಊರುಗಳಲ್ಲೇ ಮೆಣಸಿಗೆ ಫ್ರೀ ಬೇಡ ಅನ್ನೋ ಹೋರಾಟ. ನಮ್ಮ ಮಾಲಿಗೆ ಬಾಗಿಲು ತೆರೆದಿರ್ಲಿ, ಬೇರೆಯವರ ಮಾಲಿಗೆ ಮುಚ್ಚಿರ್ಲಿ ಅಂತ ಬಯಸೋದು ಮನುಷ್ಯ ಸಹಜ ಬಿಡಿ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ ಆಯ್ತು. ಕೂಲಿ ಹೆಂಗಸಿನ ಕೈಯಲ್ಲಿ ತಿಂಗಳಿಗೆ ಉಳಿಯೋ ದುಡ್ಡು ಸಣ್ಣದಲ್ಲ. ಗಂಡನ್ನ ಕೇಳದೆ ತವರಿಗೆ ಹೋಗಿ ಬರ್ತೀನಿ ಅನ್ನೋ ಹೆಂಗಸಿಗೆ ಪುಕ್ಕಟೆ ಅನ್ನೋದೇ ಬಿಡುಗಡೆ ಆಗಿರೋದೂ ಸುಳ್ಳಲ್ಲ. ಇಲ್ಲಿ ಎರಡು ಅರ್ಥವೂ ಕೂಡಿ ಬಂದವು. ಆದ್ರೆ ಮಲೆನಾಡಿನ ಎಷ್ಟೋ ದಾರಿಗಳಲ್ಲಿ ಓಡೋದು ಖಾಸಗಿ ಬಸ್ಸುಗಳೇ. ಹೋಟೆಲಿನಲ್ಲಿ ಆ ಇಬ್ಬರು ಹೆಂಗಸರು ಕಾಯ್ತಿದ್ದಿದ್ದು ಇದಕ್ಕೇ. ಬಸ್ಸು ಬಂದ್ರೆ ತಾನೇ ಅದು ಫ್ರೀ ಆಗೋದು?

ಎಲ್ಲಕ್ಕಿಂತ ಹೊಸಾ ಫ್ರೀ ಯುರೋಪಿನಿಂದ ಹೊರಟಿದೆ. ಯುರೋಪಿಯನ್ ಒಕ್ಕೂಟ 2023ರಲ್ಲಿ ಒಂದು ಕಾನೂನು ಮಾಡಿತು. ಅಲ್ಲಿಗೆ ಹೋಗೋ ಕಾಫಿ "ಡಿಫಾರೆಸ್ಟೇಷನ್ ಫ್ರೀ" ಆಗಿರಬೇಕು. ಅಂದ್ರೆ 2020ರ ಡಿಸೆಂಬರ್ 31ರ ನಂತರ ಕಾಡು ಕಡಿದು ಮಾಡಿದ ಜಾಗದಲ್ಲಿ ಬೆಳೆದಿರಬಾರದು, ತೋಟ ಎಲ್ಲಿದೆ ಅಂತ ನಕ್ಷೆಯ ಗುರುತು ಸಮೇತ ತೋರಿಸಬೇಕು. ಜಾರಿಯ ದಿನಾಂಕ ಮುಂದೆ ಹೋಗಿದೆ, ಆದ್ರೆ ತೋಟದ ಮೂಲೆ ಮೂಲೆಗೆ ಮೊಬೈಲು ಹಿಡ್ಕೊಂಡು ಹೋಗಿ ಗುರುತು ಹಾಕೋ ಕೆಲಸ ನಮ್ಮ ಕಡೆಯೂ ಶುರುವಾಗಿದೆ. ಇಲ್ಲಿ ಫ್ರೀ ಅಂದ್ರೆ "ಇಲ್ಲದ್ದು". ಶುಗರ್ ಫ್ರೀ ಥರ. ಕಾಡು ಉಳಿದ್ರೆ ನಮಗೇ ಒಳ್ಳೇದು, ಅದರಲ್ಲಿ ಎರಡು ಮಾತಿಲ್ಲ. ದೊಡ್ಡ ಎಸ್ಟೇಟಿಗೆ ಈ ಕೆಲಸಕ್ಕೆ ಗುಮಾಸ್ತರಿದ್ದಾರೆ. ಪಹಣಿಯಲ್ಲಿ ಇನ್ನೂ ಅಜ್ಜನ ಹೆಸರೇ ಇರೋ ಮೂರೆಕರೆಯವನ ಗತಿ ಏನು? 2025ರ ಶುರುವಿನಲ್ಲಿ ನ್ಯೂಯಾರ್ಕಿನಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿದಾಗ ಮತ್ತೆ ಎಲ್ರ ಮುಖದಲ್ಲೂ 1994ರ ನಗು ಕಂಡೆ. ನಗಬೇಡಿ ಅಂತ ಯಾರು ಹೇಳ್ತಾರೆ? ನೆನಪು ಮಾತ್ರ ಇರ್ಲಿ.

ಈಗ ಆ "ಬಿಡು"ಗೆ ವಾಪಸ್ ಬರ್ತೀನಿ.

ಬಿಡುಗಡೆ ಮಾಡೋದಕ್ಕೂ ಬಿಡು, ಕೈ ಬಿಡೋದಕ್ಕೂ ಬಿಡು. ಕಟ್ಟಿದ ಹಸುವನ್ನ ಬಿಟ್ಟೆ ಅಂದ್ರೆ ಮೇಯೋಕೆ ಬಿಟ್ಟಿದ್ದೂ ಆಗಬಹುದು, ಮುದಿಯಾಯ್ತು ಅಂತ ಸಂತೆಯಲ್ಲಿ ಬಿಟ್ಟು ಬಂದಿದ್ದೂ ಆಗಬಹುದು. 1996ರಲ್ಲಿ ನಮ್ಮನ್ನ ಪೂಲಿನಿಂದ ಬಿಟ್ಟರು. ಅದು ಬಿಡುಗಡೆ ಅಂತ ನಾವು ಪಟಾಕಿ ಹೊಡೆದ್ವಿ. 2001ರಲ್ಲಿ ತಿರುಗಿ ನೋಡಿದಾಗ ಅದು ಕೈ ಬಿಟ್ಟಿದ್ದೂ ಹೌದು ಅಂತ ಗೊತ್ತಾಯ್ತು. ಎರಡೂ ನಿಜ, ಎರಡೂ ಒಂದೇ ದಿನ ನಡೆದಿದ್ದು. ಇಂಗ್ಲಿಷಿನ ಫ್ರೀ ಈ ಎರಡನೇ ಮುಖವನ್ನ ಮುಚ್ಚಿಡತ್ತೆ. ಕನ್ನಡದ ಬಿಡು ಮುಚ್ಚಿಡೋದಿಲ್ಲ. ಅದಕ್ಕೇ ಯಾರಾದ್ರೂ ಫ್ರೀ ಅಂತ ಬಂದಾಗ ಒಂದು ಸಲ ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸಿ ನೋಡೋದು ಒಳ್ಳೇದು ಅನ್ಸತ್ತೆ. ಪುಕ್ಕಟೆಯೋ, ಬಿಡುಗಡೆಯೋ, ಬಿಟ್ಟಿಯೋ, ಇಲ್ಲದ್ದೋ? ಯಾರು ಯಾರನ್ನ ಬಿಡ್ತಿದ್ದಾರೆ? ಬಿಟ್ಟ ಮೇಲೆ ಬಿದ್ರೆ ಹಿಡಿಯೋರು ಯಾರು?

ಅಷ್ಟರಲ್ಲಿ ಬಸ್ಸು ಬಂತು. ಪ್ರೈವೇಟೇ. ಆ ಇಬ್ಬರು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕೊಡೆ ಮಡಚಿ ಇದಕ್ಕೇ ಹತ್ತಿದ್ರು. ಕೂಲಿಗೆ ಹೊತ್ತಾಗಿತ್ತೋ ಏನೋ. ಒಳಗೆ ಕಾಲಿಡೋಕೆ ಜಾಗ ಇಲ್ಲ. ಕಂಡಕ್ಟರ್ ಸೀಟಿ ಊದಿ ಕೂಗಿದ. "ಡೋರ್ ಫ್ರೀ ಮಾಡ್ರಿ, ಒಳಗ್ ಹೋಗ್ರಿ!"

ಎಣಿಕೆಗೆ ಇನ್ನೊಂದು ಸೇರ್ತು. ನಿಮ್ಮ ಕಡೆ ಇನ್ಯಾವ ಥರದ ಫ್ರೀ ಇದೆ ಹೇಳಿ, ಪಟ್ಟಿ ಇನ್ನೂ ಮುಗಿದಿಲ್ಲ.